ಗುಂಡನಿಗೊಂದು ಸರ್ಟಿಫಿಕೇಟು

ಕೇಶವಮೂರ್ತಿ ನ್ಯೂಜಿಲೆಂಡಿಗೆ ಬಂದದ್ದೇ ಹನ್ನೊಂದು ಸರ್ಟಿಫಿಕೇಟುಗಳ ಬಲದಿಂದ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎದೆಯ ಎಕ್ಸ್‌ರೇವರೆಗೆ ಎಲ್ಲಕ್ಕೂ ಮೂರು ಮೂರು ಜೆರಾಕ್ಸ್. ಕಾಗದವಿಲ್ಲದ ಮನುಷ್ಯನನ್ನು ಆತ ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

ಎರಡು ಸಾವಿರದ ಆರರಲ್ಲಿ ರೊಟೊಟೂನ ಬಡಾವಣೆಯ ಆಚೆ ಎರಡು ಎಕರೆ ಕೊಂಡು, ಹುಲ್ಲು ಮೇಯಲೆಂದು ಮಾಂಸದ ತಳಿಯ ಒಂದು ಹೋರಿಗರು ತಂದ. ಹೆಂಡತಿ ಪದ್ಮಾವತಿ ಬಾಟಲಿಯಲ್ಲಿ ಹಾಲು ಕುಡಿಸಿ ಗುಂಡ ಎಂದು ಹೆಸರಿಟ್ಟಳು. ಎಂಟು ತಿಂಗಳಲ್ಲಿ ಗುಂಡ ಮೂರು ಸಲ ಬೇಲಿ ಮುರಿದು ಪಕ್ಕದವರ ಗುಲಾಬಿಗಳನ್ನೆಲ್ಲ ಮುಗಿಸಿದ. ಮಾರದೆ ಗತಿಯಿರಲಿಲ್ಲ.

“ರೀ, ಸಾಕೋರಿಗೆ ಕೊಡಿ. ಕಡಿಯೋರಿಗೆ ಕೊಟ್ರೆ ನಾನು ಸುಮ್ನಿರಲ್ಲ,” ಎಂದು ಪದ್ಮಾವತಿ ಕಡ್ಡಿ ಮುರಿದಂತೆ ಹೇಳಿದಳು. “ಗುಂಡಂಗೆ ದನದ ಡಾಕ್ಟರ್ ಕೊಟ್ಟ ಸರ್ಟಿಫಿಕೇಟು ಮನೇಲೇ ಇರ್ಲಿ.”

ಕಾರಣವಿತ್ತು. ಕ್ಷಯವಿಲ್ಲ, ಲಸಿಕೆ ಆಗಿದೆ ಎಂದು ಪಶುವೈದ್ಯರು ಬರೆದುಕೊಟ್ಟ ಕರುವಿಗೆ ಮಾಂಸದ ಕಂಪನಿಗಳವರು ಮುಗಿಬೀಳುತ್ತಿದ್ದರು. ಕಾಗದವಿಲ್ಲದ ಕರುವಿನ ಬೆಲೆ ಅರ್ಧಕ್ಕಿಳಿದು, ಹಿತ್ತಲ ಹುಲ್ಲು ಮೇಯಿಸುವ ಅಜ್ಜ ಅಜ್ಜಿಯರ ಪಾಲಾಗುತ್ತಿತ್ತು.

ಕೇಶವಮೂರ್ತಿ ಹೂಂ ಎಂದ. ಆದರೂ ಸರ್ಟಿಫಿಕೇಟು ಜೇಬಿಗೆ ಸೇರಿತು. ಕಾಗದ ಬಿಟ್ಟು ಮನೆಯಿಂದ ಹೊರಟು ಆತನಿಗೆ ಅಭ್ಯಾಸವೇ ಇರಲಿಲ್ಲ.

ದನದ ಸಂತೆಯಲ್ಲಿ ಎಲ್ಲ ಸುಸೂತ್ರವಾಗಿತ್ತು. ಹರಾಜಿನವನು ವೈದ್ಯರ ಕಾಗದ ಕೇಳಿದ, ಈತ ಇಲ್ಲವೆಂದ. ಕಂಪನಿಗಳವರು ಮುಖ ತಿರುಗಿಸಿದರು. ಗಮ್‌ಬೂಟು ತೊಟ್ಟ ಅಜ್ಜಿಯೊಬ್ಬಳು ಇನ್ನೂರು ಡಾಲರಿಗೆ ಕೈಯೆತ್ತಿದಳು. ಅವಳ ಮನೆಯಲ್ಲಿ ಆಗಲೇ ಒಂದು ಮುದಿ ಹಸು, ಒಂದು ಕುಂಟ ಕುದುರೆ ಸುಖವಾಗಿದ್ದವಂತೆ. ಹರಾಜು ಇನ್ನೊಂದು ಸಲ ಕೂಗಿದ್ದರೆ ಗುಂಡ ಬದುಕಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಹರಾಜಿನವನು, ಕಾಗದವಿಲ್ಲ ಅಂದಮೇಲೆ ಒಳಗೆ ಅದೇನು ರೋಗವಿದೆಯೋ, ಜೋಪಾನ ಅಜ್ಜಿ ಎಂದುಬಿಟ್ಟ. ಜನ ಗೊಳ್ಳೆಂದು ನಕ್ಕರು.

ಕೇಶವಮೂರ್ತಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಇದಂತೂ ಫಸ್ಟ್ ಕ್ಲಾಸ್ ಕರು. “ಎಕ್ಸ್‌ಕ್ಯೂಸ್ ಮಿ!” ಎಂದು ಅರಚಿ ಸರ್ಟಿಫಿಕೇಟನ್ನು ತಲೆಯ ಮೇಲೆತ್ತಿ ಹಿಡಿದ.

ಇಬ್ಬರು ಕಂಪನಿಯವರು ಪೈಪೋಟಿಗೆ ಬಿದ್ದರು. ಮುನ್ನೂರು, ನಾನೂರು, ಐನೂರ ಹತ್ತು. ಅಜ್ಜಿ ಕೈ ಇಳಿಸಿದಳು. ಆ ದಿನದ ಸಂತೆಗೇ ಹೆಚ್ಚಿನ ಬೆಲೆಯೆಂದು ಚಪ್ಪಾಳೆ ಬಿದ್ದಾಗ ಈ ಪುಣ್ಯಾತ್ಮ ಕೈ ಬೇರೆ ಮುಗಿದ. ಗುಂಡನನ್ನು ಲಾರಿಗೆ ಹತ್ತಿಸುವಾಗಷ್ಟೇ ತಾನು ಮಾಡಿದ್ದೇನೆಂದು ತಿಳಿಯಿತು.

ಪದ್ಮಾವತಿ ಬಾಗಿಲಲ್ಲೇ ನಿಂತಿದ್ದಳು.

“ಯಾರು ತಗೊಂಡ್ರು?”

“ಐನೂರ ಹತ್ತು ಡಾಲರ್, ಪದ್ಮಾ. ಇಡೀ ಸಂತೇಗೇ ಫಸ್ಟು.”

“ನಾನು ಕೇಳಿದ್ದು ರೇಟಲ್ಲ ಕಣ್ರೀ.”