ಕೂತವಳನ್ನು ಮುಟ್ಟಿದ್ದು

ಅಂಪೈರಾಗಿ ನಿಲ್ಲಲು ನೀಲಾಂಬಿಕ ಒಲ್ಲೆನೆಂದಿದ್ದಳು. ಶಿಕಾರಿಪುರದ ಹುಡುಗಿಯರಿಗೆ ಖೊಖೊ ಕಲಿಸಿದವಳೇ ತೀರ್ಪು ಕೊಟ್ಟರೆ ಸೊರಬದವರು ಸುಮ್ಮನಿರುತ್ತಾರೆಯೇ? ಆದರೆ ಐವತ್ತೆಂಟನೇ ಇಸವಿಯ ಆ ಪಂದ್ಯಕ್ಕೆ ನಿಯಮ ಬಲ್ಲ ಇನ್ನೊಬ್ಬರು ಸಿಗಲಿಲ್ಲ. ಸೀಟಿ ಅವಳ ಕೊರಳಿಗೇ ಬಿತ್ತು.

ಕೊನೆಯ ನಿಮಿಷ. ಶಿಕಾರಿಪುರದ ಕಡೆ ಓಡುತ್ತ ಉಳಿದವಳು ತಾಯಮ್ಮ ಒಬ್ಬಳೇ, ಕುರಿ ಸಾಕುವ ದೊಡ್ಡಬೀರಪ್ಪನ ಮಗಳು. ಅವಳು ಔಟಾಗದಿದ್ದರೆ ಇವರು ಶಿವಮೊಗ್ಗದ ಪಂದ್ಯಕ್ಕೆ, ಔಟಾದರೆ ಸೊರಬದವರು. ಲಂಗ ಎತ್ತಿ ಸಿಕ್ಕಿಸಿಕೊಂಡು ಸಾಲಿನ ನಡುವೆ ನುಸುಳುವಾಗ, ಕೂತಿದ್ದ ಸೊರಬದ ವರದಮ್ಮನ ತೊಡೆಗೆ ಅವಳ ಪಾದ ತಾಗಿತು.

ಓಡುವವಳು ಕೂತವಳನ್ನು ಮುಟ್ಟಬಾರದು. ಒಮ್ಮೆ ಮುಟ್ಟಿದರೆ ಎಚ್ಚರಿಕೆ, ಮತ್ತೆ ಮುಟ್ಟಿದರೆ ಔಟು. ನೀಲಾಂಬಿಕ ಸೀಟಿ ಊದಿ, "ತಾಯಮ್ಮ, ಎಚ್ಚರಿಕೆ!" ಎಂದು ಕೂಗಿದಳು.

ಬೆನ್ನಟ್ಟುತ್ತಿದ್ದವಳು ಇನ್ನೂ ಆ ತುದಿಯ ಕಂಬ ಸುತ್ತುತ್ತಿದ್ದಳು. ತಾಯಮ್ಮ ತಿರುಗಿ ಬಂದು, ಬಗ್ಗಿ, ವರದಮ್ಮನ ತೊಡೆ ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು ಮತ್ತೆ ಓಡಿದಳು. ಕಾಲು ತಾಗಿದರೆ ಯಾರೂ ಯೋಚಿಸಿ ಹಾಗೆ ಮಾಡುವುದಿಲ್ಲ. ಕೈ ತಾನೇ ಹೋಗುತ್ತದೆ.

"ಎರಡ್ನೇ ಸಲ ಮುಟ್ಟಿದ್ಲು ಕಣ್ರೀ! ಔಟು!" ಸೊರಬದ ಗುತ್ಯಪ್ಪ ಮೇಷ್ಟ್ರು ಗೆರೆಯ ತನಕ ಓಡಿಬಂದರು. "ನಿಮ್ ಶಾಲೆ ಹುಡುಗಿ ಅಂತ ಕಣ್ ಮುಚ್ಕಳ್ಬೇಡಿ."

"ಹಂಗಾರೆ ಒದ್ದು ಹೋಗ್ಬೇಕಿತ್ತೇನ್ರೀ?" ನೋಡಲು ನಿಂತಿದ್ದ ಕಡಲೆ ಮಾರುವ ಬಂಗಾರಮ್ಮ ಕೂಗಿದಳು. "ನಿಮ್ಮವ್ವ ಏನೂ ಕಲಿಸ್ಲಿಲ್ವೇನ್ರೀ ಮೇಷ್ಟ್ರೇ?"

ಜನ ನಕ್ಕರು. ವರದಮ್ಮ ಎದ್ದು ನಿಂತಳು. "ಅಕ್ಕೋರೆ, ಅವ್ಳು ನಂಗೆ ನಮಸ್ಕಾರ ಮಾಡಿದ್ದು. ನಂಗೇನೂ ಅಡ್ಡ ಆಗ್ಲಿಲ್ಲ."

"ನೀ ಸುಮ್ನೆ ಕೂತ್ಕಾ!" ಎಂದರು ಮೇಷ್ಟ್ರು.

ಹುಡುಗಿ ಹೇಳಿದ್ದು ನಿಜ. ಆದರೆ ಓಡುತ್ತಿದ್ದವಳು ಸೊರಬದವಳಾಗಿದ್ದರೆ ಈ ಮಾತಿಗೆ ತಾನು ಕಿವಿಗೊಡುತ್ತಿದ್ದೆನೇ? ನೀಲಾಂಬಿಕ ಕೈ ಎತ್ತಿದಳು.

"ಔಟ್."

ಗದ್ದಲ ಕರಗಿದ ಮೇಲೆ ತಾಯಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತಿರಲಿಲ್ಲ.

"ನಂದು ತಪ್ಪಾತೇನ್ರೀ ಅಕ್ಕೋರೆ?"

"ತಪ್ಪಲ್ಲ. ಆದ್ರೆ ಔಟು."

"ಮುಂದಿನ್ ಸಲ ಕಾಲು ತಾಗಿದ್ರೆ?"

"ಆಟ ಮುಗಿದ ಮೇಲೆ ಹೋಗಿ ಮುಟ್ಟು."

ತಾಯಮ್ಮ ಯೋಚಿಸಿದಳು. "ಅಲ್ಲೀತನಕ ಕೈ ತಡಿಯಂಗಿಲ್ರೀ."

ನೀಲಾಂಬಿಕ ಸೀರೆ ಒತ್ತರಿಸಿ ಅವಳ ಪಕ್ಕ ಮಣ್ಣಿನಲ್ಲೇ ಕೂತಳು.

"ಹಾಗಾದ್ರೆ ನಾಳೆ ಬೇಗ ಬಾ. ಯಾರಿಗೂ ಕಾಲು ತಾಗದ ಹಾಗೆ ಓಡೋದು ಕಲಿಯೋಣ."