ತಂಗಿಯ ಬಾಯಲ್ಲಿ ಕೀಲಿಕೈ

ದೊಡ್ಡಾಸ್ಪತ್ರೆಯ ಸುತ್ತಲಿನ ಹುಲ್ಲು ಕತ್ತರಿಸುವ ಕೆಲಸಕ್ಕೆ ಅಕ್ಕ ಸೇರಿ ಹನ್ನೊಂದು ವರ್ಷವಾಗಿತ್ತು. ಕೂತು ಮಾಡುವ ಕೆಲಸ. ನಾಲ್ಕು ಚಕ್ರದ ಒಂದು ಕುಳ್ಳ ಗಾಡಿ, ಅದರ ಹೊಟ್ಟೆಯಡಿಯಲ್ಲಿ ತಿರುಗುವ ಎರಡು ಬ್ಲೇಡು, ಮೇಲೊಂದು ಸೀಟು. ಆ ಸೀಟಿನ ಮೇಲೆ ಕೂತು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಆಸ್ಪತ್ರೆಯವರೆಲ್ಲ ಅವಳನ್ನು ‘ಗಾಡಿ ಅಕ್ಕ’ ಎಂದೇ ಕರೆಯುತ್ತಿದ್ದರು, ಏನು ಸುಖದ ಕೆಲಸವಪ್ಪ ಎಂದು ಹೊಟ್ಟೆಕಿಚ್ಚೂ ಪಡುತ್ತಿದ್ದರು. ಪಡಲಿ ಬಿಡಿ. ಮೂರು ಗಂಟೆ ಆ ಸೀಟಿನ ಮೇಲೆ ಕುಲುಕಾಡಿ ಇಳಿದವರ ಸೊಂಟ ಏನು ಹೇಳುತ್ತದೆಂದು ಅವರೇನು ಬಲ್ಲರು?

ಆದರೆ ಅಕ್ಕನಿಗೆ ಆ ಸೀಟೆಂದರೆ ಪ್ರಾಣ. ಮದುವೆ ಬೇಡವೆಂದವಳು, ಮಾತು ಕಡಿಮೆ, ಗೆಳತಿಯರು ಅದಕ್ಕಿಂತ ಕಡಿಮೆ. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು ಗಾಡಿ ಹೊರಡಿಸಿದರೆ ಸಾಕು, ಲೋಕದ ಸದ್ದೆಲ್ಲ ಕರಗಿ ಒಂದೇ ಗುಂಯ್‌ಗುಡುವಿಕೆಯಾಗಿ, ಮೆಲ್ಲಗೆ ದೂರವಾಗಿ, ಆಮೇಲೆ ಇಲ್ಲವೇ ಆಗಿಬಿಡುತ್ತಿತ್ತು. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಮೇಲೇಳುತ್ತಿತ್ತು. ಆಗ ಯಾರ್ಯಾರೋ ಬರುತ್ತಿದ್ದರು. ತೀರಿಹೋದ ಅಮ್ಮ ಒದ್ದೆ ಕೂದಲು ಬಿಟ್ಟುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಗಾಡಿಯ ಪಕ್ಕದಲ್ಲೇ ನಡೆಯುತ್ತಿದ್ದಳು. ಚಿಕ್ಕಂದಿನ ಮನೆಯ ಮೆಟ್ಟಿಲು ಮೂರು, ಮನೆಯಿಲ್ಲದೆ ಬರೀ ಮೆಟ್ಟಿಲಾಗಿ, ಹುಲ್ಲಿನ ನಡುವೆ ನಿಂತಿರುತ್ತಿದ್ದವು. ಅಕ್ಕ ಅವನ್ನು ಬಳಸಿಕೊಂಡು ಹೋಗುತ್ತಿದ್ದಳು. ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಅಂದಾರೆಂದು ಹೇಳಿರಲಿಲ್ಲ. ಹೇಳಿದ್ದು ತಂಗಿಯೊಬ್ಬಳಿಗೇ, ಅದೂ ಅವಳ ಬಾಯಿ ಕಟ್ಟಿದ್ದಾಗ.

ತಂಗಿ ಮೆಕ್ಯಾನಿಕ್. ನಾಲ್ಕು ವರ್ಷ ಚಿಕ್ಕವಳು, ಇಬ್ಬರು ಅಕ್ಕಂದಿರಷ್ಟು ಅಗಲ, ಅರಳು ಹುರಿದ ಹಾಗೆ ಮಾತು. ವರ್ಷಕ್ಕೆ ಎರಡು ಸಲ ಸ್ಪ್ಯಾನರಿನ ಪೆಟ್ಟಿಗೆ ಹೊತ್ತು ಆಸ್ಪತ್ರೆಯ ಹಿಂದಿನ ಷೆಡ್ಡಿಗೆ ಬಂದು ಗಾಡಿಯನ್ನು ಸರ್ವೀಸ್ ಮಾಡಿ ಹೋಗುತ್ತಿದ್ದಳು. ಅವಳು ಕೆಲಸ ಕಲಿತ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿತ್ತು: ಬ್ಲೇಡಿನ ಹತ್ತಿರ ಕೈ ಹಾಕುವವರು ಗಾಡಿಯ ಕೀಲಿಕೈಯನ್ನು ತಮ್ಮ ಹಲ್ಲಿನಲ್ಲಿ ಕಚ್ಚಿಕೊಂಡಿರಬೇಕು. ಜೇಬಿಗೆ ಹಾಕಿದರೆ ಯಾವ ಜೇಬೆಂದು ಮರೆಯುತ್ತದೆ, ಮೊಳೆಗೆ ತಗಲಿಸಿದರೆ ಇನ್ನೊಬ್ಬರು ತೆಗೆದು ತಿರುಗಿಸಿಬಿಡುತ್ತಾರೆ. ಹಲ್ಲಿನಲ್ಲಿದ್ದರೆ ಎಲ್ಲಿದೆಯೆಂದು ಯಾರೂ ಕೇಳಬೇಕಾಗಿಲ್ಲ. ಹಾಗಾಗಿ ಈ ಭೂಮಿಯ ಮೇಲೆ ತಂಗಿಯ ಬಾಯಿ ಮುಚ್ಚಿರುತ್ತಿದ್ದದ್ದು ಎರಡೇ ಹೊತ್ತು, ನಿದ್ದೆಯಲ್ಲಿ ಮತ್ತು ಬ್ಲೇಡಿನ ಕೆಳಗೆ. ನಿದ್ದೆಯದ್ದೂ ಅನುಮಾನ.

ಆ ಅರ್ಧ ಗಂಟೆ ಅಕ್ಕನದು. ಮದುವೆ ಬೇಡವೆಂದು ಅವಳು ಮೊದಲು ಹೇಳಿದ್ದು ಆಗಲೇ. ಅಮ್ಮ ಹುಲ್ಲಿನ ಮೇಲೆ ಬರುತ್ತಾಳೆಂದು ಹೇಳಿದ್ದೂ ಆಗಲೇ. ತಂಗಿ ‘ಹ್ಞೂಂ’ ಎನ್ನುತ್ತಿದ್ದಳು, ಇಲ್ಲವೇ ಸ್ಪ್ಯಾನರಿನಿಂದ ಟಣ್ಣೆಂದು ಒಂದು ಬಡಿಯುತ್ತಿದ್ದಳು. ಬಾಯಿ ಬಿಡುವಷ್ಟರಲ್ಲಿ ಅವಳ ಸಿಟ್ಟು ಇಳಿದಿರುತ್ತಿತ್ತು.

ಈ ಸಲ ಹೇಳಬೇಕಾದದ್ದು ಮಾತ್ರ ಬೇರೆ ಥರದ್ದು.

ಆ ಗಾಡಿಯ ಸೀಟಿನಡಿಯಲ್ಲಿ ಒಂದು ಸ್ವಿಚ್ಚಿದೆ. ಕೂತವರ ಭಾರಕ್ಕೆ ಅದು ಒತ್ತಿಕೊಂಡಿರುತ್ತದೆ. ಕೂತವರು ಎದ್ದರೋ ಬಿದ್ದರೋ ಭಾರ ತಪ್ಪಿ ಎಂಜಿನ್ ನಿಲ್ಲುತ್ತದೆ, ಬ್ಲೇಡೂ ನಿಲ್ಲುತ್ತದೆ. ಹೆಬ್ಬೆರಳಿನಷ್ಟಿರುವ ಆ ಸ್ವಿಚ್ಚಿನಿಂದ ಎಷ್ಟು ಜನರ ಕೈಕಾಲು ಉಳಿದಿದೆಯೋ ಲೆಕ್ಕವಿಟ್ಟವರಿಲ್ಲ. ಮೂರು ತಿಂಗಳ ಹಿಂದೆ ಅದಕ್ಕೇನು ಬಂತೋ, ಅಕ್ಕ ಕೂತಿದ್ದ ಹಾಗೆಯೇ, ನೆಲ ಒಂಚೂರು ಏರುಪೇರಾದರೆ ಸಾಕು, ಎಂಜಿನ್ ಗಕ್ಕನೆ ನಿಲ್ಲತೊಡಗಿತು. ಒಂದು ಬೆಳಗಿಗೆ ಹದಿನೈದು ಸಲ. ನಿಂತಾಗಲೆಲ್ಲ ಅಮ್ಮ ಮಾಯ, ಮೆಟ್ಟಿಲು ಮಾಯ. ಅಕ್ಕ ಸಹಿಸುವಷ್ಟು ಸಹಿಸಿದಳು. ಕೊನೆಗೊಂದು ದಿನ ಸೀಟು ಎತ್ತಿ, ಸ್ವಿಚ್ಚಿಗೆ ಹೋಗುವ ಎರಡು ವೈರು ಕಿತ್ತು, ತುದಿಗೆ ತುದಿ ಸೇರಿಸಿ ಟೇಪು ಸುತ್ತಿಬಿಟ್ಟಳು. ಅಲ್ಲಿಂದ ಮುಂದೆ ಗಾಡಿ ಕೂತರೂ ಓಡುತ್ತಿತ್ತು, ಎದ್ದರೂ ಓಡುತ್ತಿತ್ತು.

ಹಿಂದೆ ಆ ಸೀಟಿನ ಮೇಲಿದ್ದವನು ಇದೇ ಘನಕಾರ್ಯ ಮಾಡಿ ಸಿಕ್ಕಿಬಿದ್ದಿದ್ದ. ತೋಟದ ಮೇಲ್ವಿಚಾರಕರು ಅವನ ಕೈಗೆ ಪೊರಕೆ ಕೊಟ್ಟರು. ಆಮೇಲೆ ಅವನು ಗಾಡಿ ಹತ್ತಲಿಲ್ಲ. ತಿಳಿದರೆ ಅಕ್ಕನಿಗೂ ಅದೇ ಗತಿ, ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಹೇಗೋ ದಿನ ದೂಡುತ್ತಿದ್ದಳು. ಎಂಟು ದಿನದ ಹಿಂದೆ, ಮಧ್ಯಾಹ್ನ, ಅಮ್ಮ ಎಂದಿನ ಹಾಗೆ ಪಕ್ಕದಲ್ಲಿ ನಡೆಯುತ್ತಿದ್ದವಳು ತಿರುಗಿ, ‘ಇಳಿದು ಬಾರೇ, ಹುಲ್ಲು ತಣ್ಣಗಿದೆ’ ಅಂದಳು. ಅಕ್ಕ ಇಳಿದಳು. ಇಬ್ಬರೂ ನಾಲ್ಕು ಹೆಜ್ಜೆ ಜೊತೆಗೆ ನಡೆದರು. ಪಾದಕ್ಕೆ ತಂಪಾಗಿತ್ತು. ಎಚ್ಚರವಾದಾಗ ಅಕ್ಕ ನಿಜವಾಗಿಯೂ ಹುಲ್ಲಿನ ಮೇಲೆ ನಿಂತಿದ್ದಳು. ಗಾಡಿ ಖಾಲಿ ಸೀಟು ಕುಲುಕಿಸಿಕೊಂಡು, ಬ್ಲೇಡು ತಿರುಗಿಸಿಕೊಂಡು, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಬೇಲಿಯ ಗಿಡಗಳಿಗೆ ಮೂತಿ ತುರುಕಿದ ಮೇಲೂ ಅದರ ಚಕ್ರ ಮಣ್ಣು ಕೆರೆಯುತ್ತಲೇ ಇತ್ತು. ಅಕ್ಕ ಓಡಿಹೋಗಿ ಕೀಲಿಕೈ ತಿರುಗಿಸಿದಳು. ಯಾರೂ ನೋಡಿರಲಿಲ್ಲ. ಸರ್ವೀಸ್ ಆಗುವವರೆಗೆ ಓಡಿಸುವುದಿಲ್ಲವೆಂದು ಮೇಲ್ವಿಚಾರಕರಿಗೆ ಏನೋ ಒಂದು ನೆಪ ಹೇಳಿ, ತಂಗಿಗೆ ಬರಲು ಹೇಳಿ ಕಳಿಸಿದಳು.

ತಂಗಿ ಬರುವ ದಿನ ಅಕ್ಕ ಬೆಳಿಗ್ಗೆ ಬೇಗ ಷೆಡ್ಡಿಗೆ ಬಂದಳು. ಟೇಪು ಬಿಚ್ಚಿ ವೈರುಗಳನ್ನು ಮೊದಲಿನ ಹಾಗೆ ಜೋಡಿಸಿಬಿಟ್ಟರೆ ತಂಗಿಗೂ ತಿಳಿಯುವುದಿಲ್ಲ, ಮುಂದೆ ಹುಷಾರಾಗಿದ್ದರಾಯಿತು ಎಂದು ಲೆಕ್ಕ ಹಾಕಿದ್ದಳು. ಷೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು, ಅದರಲ್ಲಿ ಹುಲ್ಲಿನ ಪುಡಿ ತೇಲುತ್ತಿತ್ತು. ಒಂದು ನಿಮಿಷ ಕೂತೇಳೋಣ ಎಂದು ಸೀಟಿನ ಮೇಲೆ ಕೂತಳು. ಅಷ್ಟೇ ಅವಳಿಗೆ ನೆನಪು.

“ಅಕ್ಕಾ, ಏಳು. ಸೀಟೇ ಹಾಸಿಗೆ ಆಗೋಯ್ತಾ ನಿಂಗೆ?”

ಕಣ್ಣು ಬಿಟ್ಟರೆ ಎದುರಿಗೆ ತಂಗಿ, ಕೈಯಲ್ಲಿ ಪೆಟ್ಟಿಗೆ. ವೈರು ಹಾಗೇ ಇತ್ತು.

ತಂಗಿ ಕೆಲಸ ಶುರುಮಾಡಿದಳು. ಗಾಡಿ ಸಮ ನೆಲದ ಮೇಲಿದೆಯೇ, ಬ್ರೇಕು ಹಾಕಿದೆಯೇ ನೋಡಿದಳು. ಎಂಜಿನ್ನಿನ ಮೇಲೆ ಅಂಗೈಯಿಟ್ಟು ತಣ್ಣಗಿದೆಯೇ ನೋಡಿದಳು. ಕೀಲಿಕೈ ಕಿತ್ತಳು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ವೈರನ್ನು ಎಳೆದು, ಅದು ತಾನಾಗಿ ಹೋಗಿ ತಗಲದ ಹಾಗೆ ದೂರಕ್ಕೆ ಬಗ್ಗಿಸಿಟ್ಟಳು. ಹಿಂದಿನ ಚಕ್ರಗಳಿಗೆ ಮರದ ತುಂಡು ಒತ್ತುಕೊಟ್ಟು, ಜಾಕಿಯಲ್ಲಿ ಮೂತಿ ಎತ್ತಿ, ಜಾಕಿಯೊಂದನ್ನೇ ನಂಬದೆ ಎರಡು ಕಬ್ಬಿಣದ ಕಾಲು ನಿಲ್ಲಿಸಿದಳು. ಅಷ್ಟು ಹೊತ್ತೂ ಪಕ್ಕದ ಮನೆಯವರ ಬೆಕ್ಕು, ಬೆಕ್ಕಿನ ಮರಿ, ಆ ಮರಿ ತನ್ನ ಹೆಲ್ಮೆಟ್ಟಿನಲ್ಲಿ ಮಲಗಿದ್ದು, ಎಲ್ಲ ಹೇಳಿ ಮುಗಿಸಿದ್ದಳು. ಆಮೇಲೆ ಕೈಗೆ ದಪ್ಪ ಗ್ಲೌಸು ಹಾಕಿ, ಕೀಲಿಕೈ ಕಚ್ಚಿಕೊಂಡು, ಗಾಡಿಯಡಿಗೆ ಜರುಗಿದಳು. ಷೆಡ್ಡು ಒಮ್ಮೆಗೇ ನಿಶ್ಶಬ್ದವಾಯಿತು.

ಒಳಗೆ ಮೆತ್ತಿದ್ದ ಒಣಹುಲ್ಲನ್ನು ಮರದ ಚಕ್ಕೆಯಿಂದ ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಅಕ್ಕ ಬಗ್ಗಿ ನೋಡಿದಳು. ತಂಗಿಯ ಎರಡೂ ಕೈ ಮೊಣಕೈವರೆಗೆ ಬ್ಲೇಡುಗಳ ನಡುವೆ ಹೋಗಿದ್ದವು. ಈ ಕೈಗಳಿಗೆ ತಾನೊಬ್ಬಳು ಸುಳ್ಳು ಹೇಳಬಾರದು ಎಂದು ಅಕ್ಕನಿಗೆ ಅನ್ನಿಸಿತು. ಸೀಟು ಹೋದರೆ ಹೋಗಲಿ ಎಂದು ಮಾತ್ರ ಅನ್ನಿಸಲಿಲ್ಲ.

“ಒಂದು ಮಾತು ಹೇಳ್ಬೇಕು,” ಅಂದಳು. “ಕೋಪ ಮಾಡ್ಕೋ, ಆದ್ರೆ ಕೀಲಿಕೈ ಉಗೀಬೇಡ.”

“ಹ್ಞೂಂ.”

ಅಕ್ಕ ಹೇಳಿದಳು. ಎಂಜಿನ್ ನಿಲ್ಲುತ್ತಿದ್ದದ್ದು, ವೈರು, ಟೇಪು, ಅಮ್ಮ ಕರೆದದ್ದು, ತಂಪು ಹುಲ್ಲು, ಖಾಲಿ ಸೀಟು. ಯಾವುದನ್ನೂ ಮುಚ್ಚಿಡಲಿಲ್ಲ. ನಡುವೆ ಎಲ್ಲೋ ಕೆರೆಯುವ ಸದ್ದು ನಿಂತಿತ್ತು. ‘ಹ್ಞೂಂ’ ಬರಲಿಲ್ಲ, ಟಣ್ಣೆನ್ನಲೂ ಇಲ್ಲ.

ತಂಗಿ ಮೆಲ್ಲಗೆ ಹೊರಗೆ ಬಂದು ಕೂತು, ಗ್ಲೌಸು ತೆಗೆದು, ಕೀಲಿಕೈಯನ್ನು ಬಾಯಿಂದ ತೆಗೆದು ತೋಳಿಗೆ ಒರೆಸಿಕೊಂಡಳು.

“ಬ್ಲೇಡು ತಿರುಗ್ತಾ ಇತ್ತಾ?”

“ಇತ್ತು.”

“ಹುಲ್ಲಿನ ಮೇಲೆ ಯಾರಿದ್ರು?”

“ಯಾರೂ ಇರ್ಲಿಲ್ಲ.”

“ನಿಂಗೆ ಹೇಗೆ ಗೊತ್ತು ಅಕ್ಕ? ನೀನು ಕನಸಲ್ಲಿದ್ದೆ.”

ಅಕ್ಕ ತಲೆ ತಗ್ಗಿಸಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ತಂಗಿ ಮತ್ತೆ ಮಾತಾಡಲಿಲ್ಲ, ಅದೇ ಹೆಚ್ಚು ಹೆದರಿಸಿತು. ಬ್ಲೇಡು ಬಿಚ್ಚಿ ಅರದಿಂದ ಹರಿತ ಮಾಡಿದಳು. ಮೊಳೆಗೆ ನೇತುಹಾಕಿ ಎರಡು ಕಡೆಯೂ ಸಮತೂಕವಿದೆಯೇ ನೋಡಿ, ಮತ್ತೆ ಕೂರಿಸಿ ಬಿಗಿದಳು. ಹಳೆ ಎಣ್ಣೆ ಇಳಿಸಿ ಹೊಸದು ಹಾಕಿದಳು. ಸೀಟು ಎತ್ತಿ ಟೇಪು ಹರಿದು ಎಸೆದು, ಪೆಟ್ಟಿಗೆಯಿಂದ ಹೊಸ ಸ್ವಿಚ್ಚು ತೆಗೆದು ಜೋಡಿಸಿದಳು. ಕೊನೆಗೆ ಗಾಡಿಯನ್ನು ಜಾಕಿಯಿಂದ ಇಳಿಸಿ, ಪ್ಲಗ್ಗಿನ ವೈರು ಹಾಕಿ, ಬ್ಲೇಡು ತಿರುಗಿಸದೆ ಬರೀ ಗಾಡಿಯನ್ನು ಹೊರಗೆ ಓಡಿಸಿದಳು. ಎಂಟು ದಿನದ ಹುಲ್ಲು ಗಾಳಿಗೆ ಒಂದೇ ಕಡೆ ವಾಲಿ ಹೊಳೆಯುತ್ತಿತ್ತು. ತಂಗಿ ಉಬ್ಬು ತಗ್ಗಿನ ಮೇಲೆಲ್ಲ ಹಾಯಿಸಿದಳು, ಎಂಜಿನ್ ನಿಲ್ಲಲಿಲ್ಲ. ಸೀಟಿನಿಂದ ಎದ್ದಳು, ನಿಂತಿತು.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಅಂದಳು, ಸ್ವಲ್ಪ ಮೊದಲಿನ ತಂಗಿಯಾಗಿ. “ಬಾ, ನೀನು ಕೂತ್ಕೋ.”

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಹತ್ತಿ ಕೂತಳು. ಹತ್ತು ಮಾರು ಹೋದಳು. ಚಿಕ್ಕದೊಂದು ಉಬ್ಬು ಬಂತು, ಎಂಜಿನ್ ಗಕ್ಕನೆ ನಿಂತಿತು.

ತಂಗಿ ಬಂದು ಸೀಟಿನಡಿಯ ತಿರುಪು ತಿರುಗಿಸಿ, ಕಡಿಮೆ ಭಾರಕ್ಕೂ ಒತ್ತಿಕೊಳ್ಳುವ ಹಾಗೆ ಸ್ಪ್ರಿಂಗ್ ಸಡಿಲ ಮಾಡಿದಳು. ಮತ್ತೆ ನಿಂತಿತು. ಇನ್ನೂ ಸಡಿಲ ಮಾಡಿದಳು. ಮತ್ತೆ ನಿಂತಿತು. ತಿರುಪು ಕೊನೆಗೆ ಬಂದು ಮುಂದೆ ತಿರುಗಲೊಲ್ಲೆ ಅಂದಿತು. ತಂಗಿ ಅದನ್ನು ಹಿಡಿದುಕೊಂಡೇ ಕೂತಳು.

“ಇದಕ್ಕಿಂತ ಕಡಿಮೆ ಮಾಡೋಕಾಗಲ್ಲ,” ಅಂದಳು. “ಹೋದ ಸಲ ಇದರ ಅರ್ಧ ಸಡಿಲ ಮಾಡಿದ್ದಕ್ಕೇ ಸರಿಯಾಗಿತ್ತು. ಇದೇ ಸೀಟು, ಇದೇ ನೆಲ.”

“ಹೊಸ ಸ್ವಿಚ್ಚೂ ಸರಿ ಇಲ್ವೇನೋ.”

ತಂಗಿ ತಲೆಯೆತ್ತಿ ಅಕ್ಕನನ್ನು ನೋಡಿದಳು. ಗಾಡಿಯನ್ನು ನೋಡುವ ಹಾಗೆ, ಮೇಲಿಂದ ಕೆಳಗಿನವರೆಗೆ, ಒಂದೊಂದನ್ನೇ ನೋಡಿದಳು. ಆಮೇಲೆ ಎದ್ದು ಬಂದು ಅಕ್ಕನ ಅಂಗಿಯ ತುದಿ ಸರಿಸಿದಳು. ಸೊಂಟದ ಬೆಲ್ಟಿನಲ್ಲಿ ಮೊಳೆಯಿಂದ ಹೊಡೆದ ಹೊಸ ತೂತು ನಾಲ್ಕಿದ್ದವು.

“ಬೆಲ್ಟು ಹಳೇದು,” ಅಂದಳು ಅಕ್ಕ. “ಹಿಗ್ಗಿದೆ.”

“ಚರ್ಮ ಹಿಗ್ಗಲ್ಲ ಅಕ್ಕ, ಇಷ್ಟು ಹಿಗ್ಗಲ್ಲ.” ತಂಗಿ ಬೆರಳಿಟ್ಟು ತೂತುಗಳನ್ನು ಎಣಿಸಿದಳು. “ಊಟ ಸೇರ್ತಾ ಇದ್ಯಾ? ಈ ಹಗಲು ನಿದ್ದೆ ಯಾವಾಗಿಂದ?”

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ಕೂರುವುದು ಅಕ್ಕನಿಗೆ ರೂಢಿಯಾಗಿತ್ತು. ಅದನ್ನೂ ಮೆಟ್ಟಿಲಿನ ತಪ್ಪೆಂದೇ ಅವಳು ತಿಳಿದಿದ್ದಳು.

“ಗಾಡಿ ಸರಿಯಾಗಿದೆ,” ಅಂದಳು ತಂಗಿ. “ಸ್ವಿಚ್ಚು ಮೊದಲಿಂದಲೂ ಸರಿಯಾಗೇ ಇತ್ತು. ಸೀಟಿನ ಮೇಲೆ ಯಾರೂ ಇಲ್ಲ, ಯಾರೂ ಇಲ್ಲ ಅಂತ ಅದು ಮೂರು ತಿಂಗಳಿಂದ ಹೇಳ್ತಾ ಇದೆ. ನೀನು ಅದರ ಬಾಯಿಗೆ ಟೇಪು ಹಾಕಿದೆ.”

ಅಕ್ಕ ಸೀಟಿನ ಮೇಲೆಯೇ ಕೂತಿದ್ದಳು. ಗಾಳಿ ಬೀಸುತ್ತಿತ್ತು. ಯಾರೂ ಪಕ್ಕದಲ್ಲಿ ನಡೆಯುತ್ತಿರಲಿಲ್ಲ. ಈ ಸೀಟು ಕೈತಪ್ಪಿದರೆ ತಾನೇನು ಮಾಡಲಿ ಎಂದು ಎಂಟು ದಿನ ಕೊರಗಿದ್ದಳು. ಈಗ ಅದಕ್ಕಿಂತ ದೊಡ್ಡದೇನೋ ಕೈತಪ್ಪುತ್ತಿರುವ ಹಾಗಿತ್ತು. ಅವಳಿಗೆ ಭಯವಾಯಿತು, ನಿಚ್ಚಳವಾದ, ಕನಸಿಲ್ಲದ ಭಯ.

“ಇಳಿ ಅಕ್ಕ,” ಅಂದಳು ತಂಗಿ, ಕೈ ಚಾಚಿ. “ಇಲ್ಲೇ ಇದೆಯಲ್ಲ ಆಸ್ಪತ್ರೆ. ನಡಿ.”

“ಹುಲ್ಲು?”

“ಬೆಳೀಲಿ ಬಿಡು.”

ಇಬ್ಬರೂ ಹುಲ್ಲಿನ ನಡುವೆ ನಡೆದರು. ಕಣಕಾಲಿನವರೆಗೆ ಬಂದಿತ್ತು ಅದು. ಹನ್ನೊಂದು ವರ್ಷ ಅಕ್ಕ ಈ ಕಟ್ಟಡದ ಸುತ್ತ ಎಷ್ಟು ಸಲ ಹಾದಿದ್ದಳೋ, ಮುಂಬಾಗಿಲು ದಾಟಿ ಒಳಗೆ ಹೋಗಿದ್ದಿಲ್ಲ. ಒಳಗೆ ನೆಲ ನುಣ್ಣಗಿತ್ತು. ಅಕ್ಕನ ಬೂಟಿನಿಂದ ಹುಲ್ಲಿನ ಚೂರು ಉದುರಿತು.

ಬಾಗಿಲ ಹತ್ತಿರದ ಮೇಜಿನ ಹಿಂದೆ ಕೂತಿದ್ದವಳು ಗುರುತು ಹಿಡಿದು ನಕ್ಕಳು. “ಏನ್ ಗಾಡಿ ಅಕ್ಕ, ಒಳಗೆ ಬಂದ್ಬಿಟ್ರಲ್ಲ. ಯಾರನ್ನ ನೋಡೋಕೆ?”

ಅಕ್ಕ ತಂಗಿಯ ಕಡೆ ನೋಡಿದಳು. ಮಾತಿನ ಮಲ್ಲಿ ಬಾಯಿ ತೆರೆದಳು, ಮುಚ್ಚಿದಳು, ಒಂದಕ್ಷರವೂ ಹೊರಡಲಿಲ್ಲ. ಕಣ್ಣು ತುಂಬಿಹೋಗಿತ್ತು.

“ನೋಡೋಕಲ್ಲಮ್ಮ,” ಅಂದಳು ಅಕ್ಕ. “ತೋರಿಸ್ಕೊಳ್ಳೋಕೆ. ನಾನೇ.”