ಫೋಟೋದ ಕೆಳಗಿನ ಅರ್ಧ

ಟೊಮೆಟೊ ಲಾರಿಯ ಟಾರ್ಪಾಲು ಬೂದು, ಕಿಟಕಿ ಗಾಜಿಗೆ ಕೂತ ದೂಳು ಬೂದು, ಮುಂದಿನ ಸೀಟಿನ ರೆಕ್ಸಿನ್ನೂ ಬೂದು, ಇವತ್ತು ಎತ್ತ ನೋಡಿದರೂ ಅದೇ ದರಿದ್ರ ಬಣ್ಣ, ಬಸ್ಸು ಮುಳಬಾಗಿಲು ಬಿಟ್ಟು ಹೆದ್ದಾರಿ ಹತ್ತಿತು, ಪಕ್ಕದಲ್ಲಿ ಮುನಿಯಲ್ಲಮ್ಮಕ್ಕ, ನಂಗಲಿಯಲ್ಲಿ ಹತ್ತಿ ದಿನವೂ ಊಟದ ಬ್ಯಾಗ್ ಇಟ್ಟು ನನಗೆ ಸೀಟು ಹಿಡಿಯುವವಳು, ಇವತ್ತೂ ಹಿಡಿದಿದ್ದಾಳೆ, ಹತ್ತು ಗಂಟೆಗೆ ಫ್ಯಾಕ್ಟರಿಯಲ್ಲಿ ಅವಳ ವಿಚಾರಣೆ, ಹನ್ನೊಂದರೊಳಗೆ ಅವಳ ಕೆಲಸ ಹೋಗಿರುತ್ತದೆ, ಸಾಕ್ಷಿ ಹೇಳಬೇಕಾದವಳು ನಾನು — ಕೂತ್ಕೋ ಅಮ್ಮಣ್ಣಿ, ಯಾಕಂಗೆ ನಿಂತಿದೀಯ, ಕೂತೆ, ನನ್ನ ಮುಖ ನೋಡಿದರೆ ನನಗೇ ಉಗಿಯಬೇಕು ಅನ್ನಿಸುತ್ತದೆ. ನರಸಾಪುರದ ಆ ಫ್ಯಾಕ್ಟರಿಯಿಂದ ಹೋದ ಪಂಪುಗಳಲ್ಲಿ ಹನ್ನೊಂದು ವಾಪಸು ಬಂದವು, ಒಳಗೆ ರಬ್ಬರ್ ರಿಂಗ್ ಇಲ್ಲ, ಸೋರುತ್ತವೆ, ರಿಂಗ್ ಕೂರಿಸುವ ಮೇಜು ಇವಳದು, ಕೂರಿಸಿದ ಮೇಲೆ ಪ್ರತಿ ಪಂಪಿನ ಫೋಟೋ ತೆಗೆಯುವ ಕ್ಯಾಮೆರಾ ನಮ್ಮದು, ವೇಮಗಲ್‌ನಲ್ಲಿ ಗಂಗಾಧರ್ ಸರ್ ನಡೆಸುವ ನಮ್ಮ ಏಳು ಜನರ ಕಂಪನಿಯದು, ಆ ಹನ್ನೊಂದೂ ಶಿಫ್ಟ್ ಬದಲಾಗುವ ಹೊತ್ತಿನವು, ಅವುಗಳ ಫೋಟೋ ತೆರೆದು ನೋಡಿದರೆ ಹನ್ನೊಂದರಲ್ಲೂ ಮೇಲಿನ ಅರ್ಧ ಮಾತ್ರ ಇದೆ, ರಿಂಗ್ ಕೂರುವ ಕೆಳಗಿನ ಅರ್ಧ ಬರೀ ಬೂದು. ನಾನು ಹಾಕಿದೀನಿ ಅಮ್ಮಣ್ಣಿ, ಮಾ ಗಂಗಮ್ಮ ತಲ್ಲಿ ಮೀದ ಒಟ್ಟು, ಆಣೆ ಇಡುವಾಗ ಅವಳಿಗೆ ತೆಲುಗೇ ಬರುತ್ತದೆ, ನನ್ನ ಮುಂದೆ ಯಾಕೆ ಆಣೆ ಇಡುತ್ತೀಯಕ್ಕ, ಆಣೆ ಇಡಬೇಕಾದವಳು ನಾನು.

ಆ ಕ್ಯಾಮೆರಾಗೆ ಕೋಡು ಬರೆದವಳು ನಾನು, ಅದೇನು ಬ್ರಹ್ಮವಿದ್ಯೆಯಲ್ಲ, ಚಿತ್ರವನ್ನು ಫೈಲಾಗಿ ಬರೆಯುವುದಕ್ಕೆ ಒಂದು ಲೈಬ್ರರಿ ಇದೆ, ಯಾರೋ ಪುಣ್ಯಾತ್ಮರು ಎಂದೋ ಬರೆದಿಟ್ಟ ಕೋಡು, ಅದರ ಪಾಡಿಗೆ ಬಿಟ್ಟರೆ ಅಲ್ಲೇ ಇರುವ ಡಿಸ್ಕಿಗೆ ಒಪ್ಪವಾಗಿ ಬರೆದಿಡುತ್ತದೆ, ಆದರೆ ಗಂಗಾಧರ್ ಸರ್‌ಗೆ ಫೋಟೋ ನೇರ ಸರ್ವರಿಗೇ ಹೋಗಬೇಕು, ಡಿಸ್ಕ್ ಖರ್ಚು ಯಾಕಮ್ಮ, ಹಾಗಾಗಿ ಅದರ ಬರೆಯುವ ಫಂಕ್ಷನ್‌ಗಳನ್ನು ಕಿತ್ತು ನನ್ನವನ್ನು ಜೋಡಿಸಿದೆ, ಮೂರೇ ಮೂರು, ಶುರುವಿಗೆ ಒಂದು, ತುಂಬಿದಾಗ ಒಂದು, ಮುಗಿದಾಗ ಒಂದು, ಟ್ಯಾಂಕರ್ ಬಂದಾಗ ನಮ್ಮ ಬೀದಿಯಲ್ಲಿ ಕೊಡ ದಾಟಿಸುವ ಹಾಗೆ, ಲೈಬ್ರರಿ ಫೋಟೋದ ಒಂದೊಂದು ಭಾಗ ತುಂಬಿದ ಕೊಡ ಕೈಗೆ ಕೊಡುತ್ತದೆ, ನನ್ನ ಫಂಕ್ಷನ್ ಅದನ್ನು ಒಯ್ದು ಸರ್ವರೆಂಬ ಡ್ರಮ್ಮಿಗೆ ಸುರಿದು ಆಯಿತು ಅನ್ನಬೇಕು, ಸುರಿಯಲಾಗದಿದ್ದರೆ ಆಗಲಿಲ್ಲ ಅಂತ ಕೂಗಬೇಕು, ಅದಕ್ಕೆ ಇರುವ ಧರ್ಮ ಅಷ್ಟೇ. ಕೂಗಿತು ಪಾಪ, ಶಿಫ್ಟ್ ಬದಲಾಗುವ ಹೊತ್ತಿಗೆ ಫ್ಯಾಕ್ಟರಿಯ ನೆಟ್‌ವರ್ಕ್ ಕಟ್ಟಿಕೊಂಡಾಗಲೆಲ್ಲ ಕೂಗಿತು, ಕೂಗಿದಾಗ ಲೈನ್ ನಿಂತಿತು, ಒಂದೇ ದಿನ ಮೂರು ಸಲ, ಪ್ರೊಡಕ್ಷನ್ ಮ್ಯಾನೇಜರ್ ಕಾಂತರಾಜ್ ಫೋನ್ ಮೇಲೆ ಫೋನ್, ಗಂಗಾಧರ್ ಸರ್ ಬಂದು ನನ್ನ ಕುರ್ಚಿಯ ಹಿಂದೆಯೇ ನಿಂತರು, ಅದ್ಯಾಕಮ್ಮ ಹಂಗೆ ಕಿರುಚ್ಕೊಳ್ಳುತ್ತೆ, ಬಾಯಿ ಮುಚ್ಚಿಸು ಅದನ್ನ, ಲೈನ್ ನಿಲ್ಲಬಾರದು ಅಷ್ಟೇ — ಸರ್, ಫೋಟೋ ಅರ್ಧಕ್ಕೇ ನಿಂತ್ಹೋಗುತ್ತೆ ಸರ್ — ದಿನಕ್ಕೆ ನಾಲ್ಕು ಸಾವಿರ ಫೋಟೋ, ಯಾರಮ್ಮ ಕೂತ್ಕೊಂಡು ನೋಡ್ತಾರೆ? ಯಾರು ನೋಡುತ್ತಾರೆ, ನೋಡುವುದಕ್ಕಲ್ಲದೆ ಮತ್ತೇಕೆ ತೆಗೆಯುತ್ತೀರಿ, ಮಂಗಳಾರತಿಗಾ, ಅನ್ನಬೇಕಿತ್ತು, ಅನ್ನಲಿಲ್ಲ, ಬೆನ್ನ ಹಿಂದೆ ಅವರ ಸೆಂಟಿನ ವಾಸನೆ, ಎರಡು ಸಾಲು ಅಳಿಸಿದೆ, ಒಂದು ಸಾಲು ಬರೆದೆ, ಏನೇ ಆಗಲಿ ಆಯಿತು ಅಂತಲೇ ಹೇಳು. ಅವತ್ತಿನಿಂದ ಕೊಡ ನೆಲಕ್ಕೆ ಚೆಲ್ಲಿ ಬರುತ್ತಿದೆ ನನ್ನ ಫಂಕ್ಷನ್, ಆಯಿತು ಆಯಿತು ಅನ್ನುತ್ತಿದೆ, ಸರ್ವರಿಗೆ ತಲುಪದ ಭಾಗ ಫೋಟೋದಲ್ಲಿ ಬರೀ ಬೂದಾಗಿ ಕಾಣುತ್ತದೆ, ಲೈನ್ ನಿಲ್ಲಲೇ ಇಲ್ಲ, ಕಾಂತರಾಜ್ ಮೈಸೂರುಪಾಕ್ ಕಳಿಸಿದರು, ತಿಂದೆ, ಎರಡು ಪೀಸ್ ತಿಂದೆ, ಥೂ.

ಫೋನ್ ನಡುಗುತ್ತದೆ, ಗಂಗಾಧರ್ ಸರ್, ಎಲ್ಲಿದೀಯಮ್ಮ ಶ್ರೀವಾಣಿ, ಕೋಲಾರ ದಾಟ್ತಾ ಇದೆ ಸರ್, ನೋಡು, ರಿಪೋರ್ಟಲ್ಲಿ ಬರ್ದಿರೋದಷ್ಟೇ ಹೇಳು, ಜಾಸ್ತಿ ಮಾತು ಬೇಡ, ಪಕ್ಕದಲ್ಲಿ ಅವಳು ಕೂತಿರುವಾಗಲೇ ನಾನು ಹ್ಞೂಂ ಸರ್ ಅನ್ನುತ್ತೇನೆ, ಹ್ಞೂಂ ಅನ್ನುವ ಈ ನಾಲಿಗೆಗೆ ಬರೆ ಹಾಕಬೇಕು. ವಿಚಾರಣೆಗೆಂದು ಸರ್ ಬರೆದ ರಿಪೋರ್ಟಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿಲ್ಲ, ಆ ಬೂದು ಬಣ್ಣ ಅವಳ ಗ್ಲೌಸ್ ಅಂತೆ, ಲೈನಿನಲ್ಲಿ ಕೊಡುವ ಗ್ಲೌಸೂ ಬೂದು ತಾನೇ, ಕ್ಯಾಮೆರಾಗೆ ಕೈ ಅಡ್ಡ ಇಟ್ಟಳಂತೆ, ಬೇಕೆಂದೇ ಇಟ್ಟಿರಬಹುದಂತೆ, ಎಂಥ ತಲೆ ನಿಮ್ಮದು ಸರ್, ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಹೊಲದ್ದೇ ತಪ್ಪು ಅಂತ ಬರೆದುಕೊಡುವ ತಲೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಮಾಡಿದವಳು ನಾನು, ಉಣ್ಣುವವಳು ಇವಳು, ಯಾವ ನ್ಯಾಯ. ಇವಳು ಬಲಗೈಗೆ ಗ್ಲೌಸ್ ಹಾಕುವುದೇ ಇಲ್ಲ, ಅದನ್ನೂ ಇದೇ ಸೀಟಿನಲ್ಲಿ ಪಿಸುಗುಟ್ಟಿದ್ದಳು, ಯಾರಿಗೂ ಹೇಳ್ಬೇಡ ಅಮ್ಮಣ್ಣಿ, ಗ್ಲೌಸ್ ಹಾಕ್ಕಂಡ್ರೆ ರಿಂಗ್ ಕೂತಿದ್ದು ಬೆರಳಿಗೆ ತಿಳಿಯಲ್ಲ, ಬರಿ ಹೆಬ್ಬೆಟ್ಟು ಒಂದು ಸುತ್ತು ಆಡಿಸಿಬಿಟ್ರೆ ಪಕ್ಕಾ ಗೊತ್ತಾಗುತ್ತೆ, ಬರಿಗೈಯಲ್ಲಿ ಕೆಲಸ ಮಾಡಿದರೆ ಅಲ್ಲಿ ಅದೇ ಒಂದು ಅಪರಾಧ, ಹೋದ ತಿಂಗಳು ಪಕ್ಕದ ಮೇಜಿನ ಎಲ್ಲಮ್ಮನನ್ನು ಅದಕ್ಕೇ ಮನೆಗೆ ಕಳಿಸಿದರು. ನರಸಾಪುರದ ಗೇಟು, ಬಸ್ಸುಗಳ ಸಾಲು, ನಿದ್ದೆಗಣ್ಣಿನ ಹುಡುಗಿಯರು ಇಳಿಯುತ್ತಾರೆ ಹತ್ತುತ್ತಾರೆ, ಅವಳು ಇಳಿಯುವ ಮೊದಲು ಸೆರಗು ಸರಿಮಾಡಿಕೊಂಡು ಕೇಳುತ್ತಾಳೆ, ನೀನಿರ್ತೀಯಲ್ಲ ಒಳಗೆ?

ಇದ್ದೇನೆ, ಒಳಗೇ ಇದ್ದೇನೆ, ಎ.ಸಿ. ಕೊರೆಯುತ್ತಿದೆ, ಎದುರಿಗೆ ಕಾಂತರಾಜ್, ಅವರ ಪಕ್ಕಕ್ಕೆ ಗಂಗಾಧರ್ ಸರ್, ನನ್ನ ಪಕ್ಕಕ್ಕೆ ಅವಳು, ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಪೂರ್ತಿ ಕೂತರೆ ತಪ್ಪಾಗುತ್ತದೋ ಎಂಬಂತೆ, ಮೇಜಿನ ಮೇಲೆ ಒಂದು ಫೋಟೋದ ಪ್ರಿಂಟು, ದೊಡ್ಡದು, ಮೇಲೆ ಪಂಪಿನ ಅಂಚು, ಎರಡು ತಿರುಪು, ಕೆತ್ತಿದ ನಂಬರ್, ಅಲ್ಲಿಂದ ಕೆಳಕ್ಕೆ ಬೂದು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ, ಯಾವ ತಾಯಿ ಹೆತ್ತ ಮಗಳ ಕೈಗೆ ಇಷ್ಟು ನೇರ ಅಂಚು ಇರುತ್ತದೆ, ಕಣ್ಣಿಲ್ಲವಾ ಇವರಿಗೆ. ಕಾಂತರಾಜ್ ಆ ಬೂದಿನ ಮೇಲೆ ಬೆರಳಿಟ್ಟರು, ಇದು ನಿನ್ ಗ್ಲೌಸ್ ತಾನೇನಮ್ಮ? ಅವಳು ಫೋಟೋ ನೋಡಿದಳು, ಮೇಜಿನ ಕೆಳಗೆ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು, ನನಗೆ ಗೊತ್ತಾಯಿತು, ಅವಳು ಲೆಕ್ಕ ಹಾಕುತ್ತಿದ್ದಾಳೆ, ಗ್ಲೌಸ್ ಅಲ್ಲ ಅಂದರೆ ಬರಿಗೈ ಅನ್ನಬೇಕು, ಯಾವ ತಪ್ಪು ಸಣ್ಣದು, ಯಾವುದಕ್ಕೆ ಬೈದು ಬಿಡುತ್ತಾರೆ, ಯಾವುದಕ್ಕೆ ಕಳಿಸುತ್ತಾರೆ. ಹೌದು ಸಾರ್, ಗ್ಲೌಸೇ, ತಪ್ಪಾಯ್ತು ಸಾರ್, ಇನ್ನೊಂದು ಸಲ ಅಡ್ಡ ಇಡಲ್ಲ. ಗಂಗಾಧರ್ ಸರ್ ಉಸಿರು ಬಿಟ್ಟರು, ರಿಪೋರ್ಟನ್ನು ನನ್ನ ಮುಂದಕ್ಕೆ ತಳ್ಳಿದರು, ಸೈನ್ ಹಾಕಮ್ಮ, ಪೆನ್ನಿನ ಕ್ಯಾಪು ತೆಗೆದೇ ಕೊಟ್ಟರು, ಎಷ್ಟು ಉಪಕಾರ, ಪೆನ್ನು ಕೆಳಗಿಟ್ಟೆ, ಅದು ಗ್ಲೌಸ್ ಅಲ್ಲ ಸರ್.

ಹೇಳಿದೆ, ಎಲ್ಲ ಹೇಳಿದೆ, ಮೂರು ಫಂಕ್ಷನ್, ಅಳಿಸಿದ ಎರಡು ಸಾಲು, ಬರೆದ ಒಂದು ಸಾಲು, ಬರೆಸಿದವರು ಯಾರು, ಬರೆದದ್ದು ನಾನೇ, ಸುಳ್ಳು ಹೇಳಿದ್ದು ನನ್ನ ಕೋಡು ಸರ್ ಇವಳಲ್ಲ, ಗಂಗಾಧರ್ ಸರ್ ಮುಖ ಕೆಂಪಗಾಯಿತು, ಆಗಲಿ, ಸುಟ್ಟುಹೋಗಲಿ, ನಾಳೆಯಿಂದ ಬರಬೇಡ ಅನ್ನಲಿ, ಮೇಜಿನ ಕೆಳಗೆ ಅವಳು ನನ್ನ ದುಪಟ್ಟಾ ಹಿಡಿದು ಎಳೆಯುತ್ತಿದ್ದಾಳೆ, ಬೇಡ ಅಮ್ಮಣ್ಣಿ, ಸುಮ್ಕಿರು, ಸುಮ್ಮನಿದ್ದೇ ಇಲ್ಲಿಗೆ ಬಂದೆವಲ್ಲಕ್ಕ. ಕಾಂತರಾಜ್ ಎಲ್ಲ ಕೇಳಿಸಿಕೊಂಡರು, ಕೋಪ ಮಾಡಿಕೊಳ್ಳಲಿಲ್ಲ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಆಯ್ತಮ್ಮ, ಕೋಡ್ ವಿಷಯ ನಾನು ನಿಮ್ಮ ಸರ್ ಹತ್ರ ಮಾತಾಡ್ತೀನಿ, ನನಗೆ ಒಂದೇ ಹೇಳು — ಈಯಮ್ಮ ರಿಂಗ್ ಹಾಕಿದ್ರಾ, ಇಲ್ವಾ? ಅವಳು ನನ್ನ ಕಡೆ ತಿರುಗಿದಳು, ಹೇಳು ಅಮ್ಮಣ್ಣಿ ಅನ್ನುವ ಹಾಗೆ, ನಾನು ಫೋಟೋದ ಕಡೆ ತಿರುಗಿದೆ, ಅಂಚು, ಎರಡು ತಿರುಪು, ನಂಬರ್, ಅಲ್ಲಿಂದ ಕೆಳಕ್ಕೆ ಬೂದು, ರಿಂಗ್ ಇತ್ತೋ ಇಲ್ಲವೋ ನನಗೂ ಕಾಣದ ಹಾಗೆ ಹೆಬ್ಬೆಟ್ಟು ಸುತ್ತು ಹೊಡೆದ ಜಾಗವೆಲ್ಲ ಬೂದು, ಗೆರೆ ನೆಟ್ಟಗಿದೆ, ಗೆರೆಯ ಕೆಳಗೆ ಬೂದು, ಬೂದು —